ಕ್ಲಿಯರ್‌ಇಂಟರ್ವಲ್ ಕೊಟ್ಟಿದ್ದೀನಿ, ಆದ್ರೂ ಟೈಮರ್ ನಿಲ್ತಿಲ್ಲ. 191 ಖಾಲಿ ಸಾಲು ಸೇರ್ಕೊಂಡಿವೆ!

ಅಂಕಪಟ್ಟಿ · ಬುಧವಾರ, ಮಧ್ಯಾಹ್ನ 2:20

ಎಲ್ಲರಿಗೂ ನಮಸ್ಕಾರ. ಪದವಿ ಕಾಲೇಜಲ್ಲಿ ಪಾಠ ಮಾಡ್ತೀನಿ, ಕೋಡಿಂಗ್ ನನ್ನ ಕಸುಬಲ್ಲ. ನಮ್ಮ ಆಂತರಿಕ ಅಂಕಗಳ ಪೋರ್ಟಲ್‌ನಲ್ಲಿ 310 ವಿದ್ಯಾರ್ಥಿಗಳ ಪಟ್ಟಿ ಪುಟಕ್ಕೆ 30ರಂತೆ 11 ಪುಟ ಬರುತ್ತೆ. ಎಕ್ಸೆಲ್‌ಗೆ ಇಳಿಸಿಕೊಳ್ಳೋ ಸೌಲಭ್ಯ ಇಲ್ಲ. ಪ್ರತಿ ಸಲ "ಮುಂದೆ" ಒತ್ತಿ, ನಕಲು ಮಾಡಿ, ಮತ್ತೆ "ಮುಂದೆ" ಒತ್ತಿ ಬೆರಳು ಸವೆದುಹೋಯ್ತು. ಅದಕ್ಕೆ ಕ್ರೋಮ್ ಕನ್ಸೋಲ್‌ಗೆ (ಬ್ರೌಸರ್‌ನಲ್ಲೇ ಕೋಡ್ ಓಡಿಸೋ ಕಿಟಕಿ) ಅಂಟಿಸೋ ಹಾಗೆ ಒಂದು ಪುಟ್ಟ ಸ್ಕ್ರಿಪ್ಟ್ ಬರೆದೆ. 2 ಸೆಕೆಂಡಿಗೊಮ್ಮೆ ಪುಟ ಓದಿ ಮುಂದಿನ ಪುಟಕ್ಕೆ ಹೋಗಬೇಕು, ಕೊನೆ ಪುಟ ಬಂದಾಗ ನಿಲ್ಲಬೇಕು, ಅಷ್ಟೇ. ಕೆಲಸವನ್ನ ಮತ್ತೆ ಮತ್ತೆ ಓಡಿಸೋಕೆ ಸೆಟ್‌ಇಂಟರ್ವಲ್, ಅದನ್ನ ನಿಲ್ಲಿಸೋಕೆ ಕ್ಲಿಯರ್‌ಇಂಟರ್ವಲ್ ಬಳಸಿದೀನಿ.

ಇವತ್ತು 1:10ಕ್ಕೆ ಓಡಿಸಿದೆ. ಕನ್ಸೋಲ್‌ನಲ್ಲಿ "ಮುಗಿಯಿತು" ಅಂತ ಬಂತು. ನೋಡಿ ಖುಷಿಯಾಗಿ ಬೇರೆ ಟ್ಯಾಬ್ ತೆಗೆದಿಟ್ಟು ಊಟಕ್ಕೆ ಹೋದೆ. 1:55ಕ್ಕೆ ಬಂದು ನೋಡಿದರೆ "ಮುಗಿಯಿತು" ಪಕ್ಕದಲ್ಲಿ ಚಿಕ್ಕ ಗುಂಡನೆ ಬಿಲ್ಲೆಯೊಳಗೆ 191 ಅಂತ ಸಂಖ್ಯೆ, ಅಂದರೆ ಅದೇ ಮಾತು 191 ಸಲ ಬಂದಿದೆ! ಪಟ್ಟಿಯ ಕೆಳಗೆ ಖಾಲಿ ಸಾಲುಗಳ ಮೆರವಣಿಗೆ. ಕೊನೆ ಪುಟದಲ್ಲಿ "ಮುಂದೆ" ಗುಂಡಿ ಇದ್ದ ಜಾಗದಲ್ಲೇ "ಹೊಸ ಸಾಲು" ಅನ್ನೋ ಗುಂಡಿ ಬರುತ್ತೆ, ನನ್ನ ಸ್ಕ್ರಿಪ್ಟ್ ಅದನ್ನೇ ಒತ್ತುತ್ತಾ ಕೂತಿದೆ. ಪೋರ್ಟಲ್ ತಾನಾಗೇ ಸೇವ್ ಮಾಡ್ಕೊಳ್ಳುತ್ತೆ ಬೇರೆ. ರೀಫ್ರೆಶ್ ಮಾಡಿದರೆ 11 ಪುಟ ಇದ್ದದ್ದು ಈಗ 17.

ಫೋನಿಂದ ಟೈಪ್ ಮಾಡ್ತಿರೋದು, ಕೋಡನ್ನೂ ಕನ್ನಡ ಲಿಪಿಯಲ್ಲೇ ಹಾಕ್ತೀನಿ, ಕ್ಷಮೆ ಇರಲಿ:

ಲೆಟ್ ಟೈಮರ್;
ಫಂಕ್ಷನ್ ಶುರು() {
  ಲೆಟ್ ಟೈಮರ್ = ಸೆಟ್‌ಇಂಟರ್ವಲ್(ಮುಂದೆಹೋಗು, 2000);
}
ಫಂಕ್ಷನ್ ಮುಂದೆಹೋಗು() {
  ಪುಟಓದು();
  ಇಫ್ (ಈಗಿನಪುಟ() === ಕೊನೆಪುಟ()) {
    ಕ್ಲಿಯರ್‌ಇಂಟರ್ವಲ್(ಟೈಮರ್);
    ಕನ್ಸೋಲ್.ಲಾಗ್("ಮುಗಿಯಿತು");
  }
  ಗುಂಡಿ().ಕ್ಲಿಕ್();
}
ಶುರು();

ಕ್ಲಿಯರ್‌ಇಂಟರ್ವಲ್ ಸಾಲು ಓಡಿದೆ ಅನ್ನೋದಕ್ಕೆ ಅದರ ಕೆಳಗಿನ ಲಾಗೇ ಸಾಕ್ಷಿ. ಮತ್ಯಾಕೆ ನಿಲ್ಲಲಿಲ್ಲ? ಕೆಂಪು ಅಕ್ಷರದ ಎರರ್ ಒಂದೂ ಇಲ್ಲ.

ಗಿರ್ಮಿಟ್ · 2:31

ಮೇಡಮ್ಮರ, ನಿಮ್ಮ ಕೋಡಿನಾಗ ಟೈಮರ್ ಅನ್ನೋ ಹೆಸರಿನವರು ಇಬ್ಬರದಾರ ನೋಡ್ರಿ. ಒಬ್ಬಾಂವ ಹೊರಗ ಕಟ್ಟಿ ಮ್ಯಾಲೆ ಕುಂತಾನ, ಇನ್ನೊಬ್ಬಾಂವ ಶುರು ಅನ್ನೋ ಮನಿ ಒಳಗ ಹುಟ್ಟಿ ಅಲ್ಲೇ ಬಾಗಲಾ ಹಾಕ್ಕೊಂಡಾನ. ಲೆಟ್ ಅಂದ್ರ ಹೊಸಾ ಹೆಸರು ಹುಟ್ಟಸೂದು. ಒಳಗ ಮತ್ತೊಮ್ಮೆ ಲೆಟ್ ಅಂತ ಬರದ್ರೆಲ್ಲ, ಅಲ್ಲೇ ಕೆಟ್ಟಿದ್ದು. ಸೆಟ್‌ಇಂಟರ್ವಲ್ ಕೊಟ್ಟ ನಂಬರ್ ಒಳಗಿನವನ ಕೈಯಾಗ ಸಿಕ್ಕೈತಿ. ನೀವು ಕ್ಲಿಯರ್ ಮಾಡಾಕ ಹಚ್ಚಿದ್ದು ಹೊರಗಿನವನ್ನ. ಅವನ ಕೈ ಖಾಲಿ.

ಒಳಗಿನ ಲೆಟ್ ತಗದು ಬರೇ ಟೈಮರ್ = ಸೆಟ್‌ಇಂಟರ್ವಲ್(...) ಅಂತ ಬರೀರಿ.

ಹಳೇಮೈಸೂರು · 2:48

ಗಿರ್ಮಿಟ್ ಹೇಳಿದ್ದು ಸರಿ. "ಎರರ್ ಯಾಕೆ ಬರಲಿಲ್ಲ" ಅನ್ನೋ ಪ್ರಶ್ನೆ ಬಾಕಿ ಇದೆ. ಹೆಚ್ಚಿನವರು ಎಡವೋದು ಅಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಬರೀತೀನಿ.

ಸೆಟ್‌ಇಂಟರ್ವಲ್, ಕ್ಲಿಯರ್‌ಇಂಟರ್ವಲ್ ಎರಡೂ ಜಾವಾಸ್ಕ್ರಿಪ್ಟ್ ಭಾಷೆಯ ಒಳಗಿನವಲ್ಲ. ಬ್ರೌಸರ್ ಕೊಡೋ ಸೌಕರ್ಯ ಅವು, ಅವುಗಳ ನಿಯಮ ಇರೋದು ಎಚ್‌ಟಿಎಂಎಲ್ ಸ್ಟ್ಯಾಂಡರ್ಡ್‌ನಲ್ಲಿ. ಸೆಟ್‌ಇಂಟರ್ವಲ್ ಕರೆದಾಗ ಬ್ರೌಸರ್ ತನ್ನ ಪಟ್ಟಿಯಲ್ಲಿ ಒಂದು ನಮೂದು ಮಾಡಿ, ಸೊನ್ನೆಗಿಂತ ದೊಡ್ಡ ಒಂದು ಪೂರ್ಣಾಂಕ ಕೊಡುತ್ತೆ. ಚಪ್ಪಲಿ ಸ್ಟ್ಯಾಂಡಲ್ಲಿ ಕೊಡೋ ಟೋಕನ್ ಇದ್ದ ಹಾಗೆ. ಕ್ಲಿಯರ್‌ಇಂಟರ್ವಲ್ ಆ ಟೋಕನ್ ನೋಡಿ ನಮೂದು ತೆಗೆದುಹಾಕುತ್ತೆ. ಆ ನಂಬರ್ ಪಟ್ಟಿಯಲ್ಲಿ ಇಲ್ಲದಿದ್ದರೆ? ಏನೂ ಮಾಡಲ್ಲ, ಬೈಯೋದೂ ಇಲ್ಲ, ಸುಮ್ಮನೆ ವಾಪಸ್ ಬರುತ್ತೆ. ಅನ್‌ಡಿಫೈನ್ಡ್ (ಇನ್ನೂ ಏನೂ ತುಂಬಿಸದ ಹೆಸರು) ಕೊಟ್ಟರೂ ಅಷ್ಟೇ, ನಲ್ (ಬೇಕಂತಲೇ ಖಾಲಿ ಇಟ್ಟದ್ದು) ಕೊಟ್ಟರೂ ಅಷ್ಟೇ. ಕ್ಲಿಯರ್‌ಇಂಟರ್ವಲ್(ಮುಂದೆಹೋಗು) ಅಂತ ಫಂಕ್ಷನ್ ಹೆಸರನ್ನೇ ಕೊಡೋರನ್ನೂ ನೋಡಿದೀನಿ. ಅದಕ್ಕೂ ಮೌನವೇ ಉತ್ತರ.

ಇದೇ ರೋಗದ ಇನ್ನೊಂದು ರೂಪ ಕೋಡಿನಲ್ಲಿ ಕ್ಲಾಸ್ (ಆಬ್ಜೆಕ್ಟ್‌ಗಳ ಅಚ್ಚು) ಬರೆಯುವವರಿಗೆ ಬರುತ್ತೆ. ದಿಸ್.ಟೈಮರ್‌ನಲ್ಲಿ, ಅಂದರೆ ಆ ಆಬ್ಜೆಕ್ಟ್‌ನ ಒಳಗೇ, ನಂಬರ್ ಇಟ್ಟಿರ್ತಾರೆ. ಸೆಟ್‌ಇಂಟರ್ವಲ್‌ಗೆ ಮಾಮೂಲಿ ಫಂಕ್ಷನ್ ಕೊಟ್ಟು ಅದರೊಳಗಿಂದ ಕ್ಲಿಯರ್‌ಇಂಟರ್ವಲ್(ದಿಸ್.ಟೈಮರ್) ಅಂತಾರೆ. ಆದರೆ ಅಲ್ಲಿ ದಿಸ್ ಅಂದರೆ ವಿಂಡೋ. ವಿಂಡೋ.ಟೈಮರ್ ಅನ್ನೋದೇ ಇಲ್ಲ. ಬಾಣದ ಗುರುತಿನ (=>) ಫಂಕ್ಷನ್ ಬಳಸಿದರೆ ಸರಿಹೋಗುತ್ತೆ.

ಅನುಮಾನ ಬಂದಾಗೆಲ್ಲ ಕ್ಲಿಯರ್ ಮಾಡೋ ಸಾಲಿನ ಮೇಲೆ ಆ ನಂಬರನ್ನೇ ಲಾಗ್ ಮಾಡಿ ನೋಡಿ. "ಮುಗಿಯಿತು" ಅನ್ನೋದು ನೀವೇ ಬರೆದ ಮಾತು ಮೇಡಂ, ಬ್ರೌಸರ್ ಹೇಳಿದ್ದಲ್ಲ.

ಅಂಕಪಟ್ಟಿ · 3:15

ಅಯ್ಯೋ ದೇವರೇ, ಎರಡು ಲೆಟ್! ಕಣ್ಣೆದುರಿಗೇ ಇತ್ತು. ತೆಗೆದು ಓಡಿಸಿದೆ, ಈಗ ನಿಲ್ತಿದೆ. ಗಿರ್ಮಿಟ್ ಅವರೇ, ಹಳೇಮೈಸೂರು ಸರ್, ತುಂಬಾ ಥ್ಯಾಂಕ್ಸ್.

ಆದರೆ... ಒಂದು ಖಾಲಿ ಸಾಲು ಮತ್ತೆ ಸೇರಿದೆ. 191 ಇದ್ದದ್ದು 192. ಇದು ಎಲ್ಲಿಂದ ಬಂತು?

ಬೈಂದೂರು_ಬಸ್ · 3:22

ಕ್ಲಿಯರ್ ಮಾಡಿದ್ರೆ ಮುಂದಿನ ಬಸ್ಸು ಬರುದಿಲ್ಲ ಅಷ್ಟೇ ಮಾರ್ರೆ. ಈಗ ನೀವು ಕೂತ ಬಸ್ಸು ನಡುದಾರಿಯಲ್ಲಿ ನಿಲ್ಲುದಿಲ್ಲ. ಇಫ್ ಒಳಗೆ ಕ್ಲಿಯರ್ ಆಯ್ತು, ಲಾಗ್ ಆಯ್ತು, ಮತ್ತೆ ಬ್ರಾಕೆಟ್ ಮುಗಿದ ಮೇಲೆ ಕೆಳಗೆ ಒಂದು ಸಾಲು ಉಂಟಲ್ಲ, ಗುಂಡಿ ಒತ್ತುವುದು? ಅದು ಆ ಸುತ್ತಿನ ಕೆಲಸ, ಓಡಿಯೇ ಓಡ್ತದೆ. ಲಾಗ್ ಕೆಳಗೆ ರಿಟರ್ನ್ ಅಂತ ಒಂದು ಶಬ್ದ ಹಾಕಿ.

ಗಿರ್ಮಿಟ್ · 3:26

ಬಸ್ಸಿನವರು ಖರೇ ಹೇಳಿದ್ರು. ಆದ್ರ ನನಗ ಕೇಳಿದ್ರ ದೊಡ್ಡ ತಪ್ಪು ಗುಂಡಿ ಹಿಡಿದ ರೀತಿಯೊಳಗ ಐತ್ರಿ. "ಆ ಜಾಗದಾಗಿನ ಗುಂಡಿ" ಅಂತ ಹುಡುಕಬ್ಯಾಡ್ರಿ. ಒತ್ತೂಕಿಂತ ಮೊದಲ ಅದರ ಮ್ಯಾಲೆ "ಮುಂದೆ" ಅಂತ ಬರದೈತೋ ಇಲ್ಲೋ ನೋಡ್ರಿ, ಇಲ್ಲಂದ್ರ ಕೈ ಹಚ್ಚಬ್ಯಾಡ್ರಿ. ಅಷ್ಟು ಮಾಡಿದ್ರ ಟೈಮರ್ ರಾತ್ರಿಯೆಲ್ಲಾ ಓಡಿದ್ರೂ ಒಂದ್ ಸಾಲೂ ಹೆಚ್ಚಾಗ್ತಿರಲಿಲ್ಲ. ಇವತ್ತು "ಹೊಸ ಸಾಲು" ಇತ್ತು, ನಾಳೆ ಅದೇ ಜಾಗದಾಗ "ಅಂತಿಮವಾಗಿ ಸಲ್ಲಿಸು" ಇದ್ರ ಏನ್ ಮಾಡ್ತಿದ್ರಿ?

ಅಂಕಪಟ್ಟಿ · 3:30

ಓದಿ ಬೆವರು ಬಂತು. ಆ ಗುಂಡಿ ನಿಜವಾಗಲೂ ಇದೆ, ಬೇರೆ ಪುಟದಲ್ಲಿ.

ರಾತ್ರಿಪಾಳಿ · 9:47

ಈಗ ಎದ್ದು ಓದ್ತಿದೀನಿ. ಯಾರೂ ಕೇಳದ ಪ್ರಶ್ನೆ ಒಂದಿದೆ. ಮೇಡಂ 45 ನಿಮಿಷ ಇರಲಿಲ್ಲ. 2 ಸೆಕೆಂಡಿಗೊಂದು ಅಂದರೆ 1350 ಸಾಲು ಆಗಬೇಕಿತ್ತು. 191 ಮಾತ್ರ ಯಾಕೆ?

ಬೇರೆ ಟ್ಯಾಬ್ ತೆಗೆದಿಟ್ಟು ಹೋದೆ ಅಂದ್ರಲ್ಲ, ಅದೇ ನಿಮ್ಮನ್ನ ಕಾಪಾಡಿದ್ದು. ಮರೆಯಲ್ಲಿರೋ ಟ್ಯಾಬ್‌ನ ಟೈಮರ್‌ಗಳನ್ನ ಕ್ರೋಮ್ ಸೆಕೆಂಡಿಗೆ ಒಂದು ಸಲಕ್ಕಿಂತ ಹೆಚ್ಚು ಓಡಿಸಲ್ಲ. ನಿಮ್ಮದು 2 ಸೆಕೆಂಡಿನದು, ಅದಕ್ಕೇನೂ ತಾಗಲಿಲ್ಲ. ಆದರೆ 2021ರ ಜನವರಿಯಲ್ಲಿ ಬಂದ ಕ್ರೋಮ್ 88ರಿಂದ ಇನ್ನೊಂದು ಬಿಗಿ ನಿಯಮ ಸೇರಿದೆ. ಪುಟ 5 ನಿಮಿಷಕ್ಕಿಂತ ಹೆಚ್ಚು ಹೊತ್ತು ಮರೆಯಲ್ಲಿದ್ದು, ಸದ್ದು ಮಾಡದೆ, ವಿಡಿಯೋ ಕರೆಯಂಥದ್ದೂ ಇಲ್ಲದಿದ್ದರೆ, ಮತ್ತೆ ಮತ್ತೆ ಓಡೋ ಟೈಮರ್‌ಗಳಿಗೆ ನಿಮಿಷಕ್ಕೆ ಒಂದೇ ಸಲ ಅವಕಾಶ.

ಲೆಕ್ಕ ಹಾಕಿ. ನಿಮ್ಮ ಕಣ್ಣೆದುರಿಗೆ ಬಂದ ಮೊದಲ "ಮುಗಿಯಿತು" 1. ಆಮೇಲೆ 5 ನಿಮಿಷ, ನಿಮಿಷಕ್ಕೆ 30ರಂತೆ 150. ಉಳಿದ 40 ನಿಮಿಷಕ್ಕೆ 40. ಒಟ್ಟು 191. ಇಷ್ಟು ಅಚ್ಚುಕಟ್ಟಾಗಿ ಕೂಡಿಬರೋದು ಅಪರೂಪ. ನನಗಂತೂ ದೀಪಾವಳಿ ಬೋನಸ್ ಬಂದಷ್ಟು ಸಂತೋಷ ಆಯ್ತು.

ಇದರ ಇನ್ನೊಂದು ಮುಖ: "ಟೈಮರ್ 150 ಸಲ ಓಡಿದರೆ 5 ನಿಮಿಷ ಆಯ್ತು" ಅಂತ ಎಣಿಸಿ ನಿಲ್ಲಿಸೋ ಸ್ಕ್ರಿಪ್ಟ್‌ಗಳು ಟ್ಯಾಬ್ ಮರೆಯಾದ ಕೂಡಲೇ ಹಾದಿ ತಪ್ಪುತ್ತವೆ. ಸಮಯ ನೋಡಿ ನಿಲ್ಲಿಸಬೇಕಾದರೆ ಡೇಟ್.ನೌ ಇಂದ ನಿಜವಾದ ಗಡಿಯಾರ ನೋಡಿ, ಸುತ್ತುಗಳನ್ನ ಎಣಿಸಬೇಡಿ.

ಚುರುಮುರಿ_01 · 10:05

ಇಷ್ಟೆಲ್ಲ ಯಾಕೆ ಬ್ರೋ. 1ರಿಂದ 9999ರವರೆಗೆ ಫಾರ್ ಲೂಪ್ ಹಾಕಿ ಎಲ್ಲಾ ನಂಬರಿಗೂ ಕ್ಲಿಯರ್‌ಇಂಟರ್ವಲ್ ಹೊಡೆದುಬಿಡಿ. ಯಾವ ಟೈಮರ್ ಇದ್ರೂ ಸತ್ತುಹೋಗುತ್ತೆ. ನಾನು ಯಾವಾಗ್ಲೂ ಹಿಂಗೇ ಮಾಡೋದು.

ಹಳೇಮೈಸೂರು · 10:19

ಸಾಯುತ್ತೆ ತಮ್ಮಾ, ಆದರೆ ಪುಟದ ಸ್ವಂತ ಟೈಮರ್‌ಗಳೂ ಸಾಯುತ್ತವೆ. ಸೆಟ್‌ಟೈಮ್‌ಔಟ್ ಮತ್ತು ಸೆಟ್‌ಇಂಟರ್ವಲ್ ಒಂದೇ ಪಟ್ಟಿಯಿಂದ ನಂಬರ್ ತಗೊಳ್ಳೋದು, ಕ್ಲಿಯರ್‌ಟೈಮ್‌ಔಟ್‌ನಿಂದ ಇಂಟರ್ವಲ್ಲನ್ನೂ ನಿಲ್ಲಿಸಬಹುದು. ಅಂದರೆ ನಿನ್ನ ಲೂಪ್ ಆ ಪುಟದಲ್ಲಿ ಬಾಕಿ ಇರೋ ಪ್ರತಿಯೊಂದು ಕೆಲಸವನ್ನೂ ಕಿತ್ತುಹಾಕುತ್ತೆ: ತಾನಾಗೇ ಸೇವ್ ಆಗೋದು, ಲಾಗಿನ್ ಮುಗಿಯೋ ಎಚ್ಚರಿಕೆ, ಎಲ್ಲ. ಅಷ್ಟು ಮಾಡಿಯೂ ಐಫ್ರೇಮ್ (ಪುಟದೊಳಗೆ ಕೂರಿಸಿದ ಇನ್ನೊಂದು ಪುಟ) ಒಳಗಿನ ಟೈಮರ್ ಬದುಕಿರುತ್ತೆ, ಯಾಕಂದರೆ ಪ್ರತಿ ವಿಂಡೋಗೂ ಅದರದೇ ಪಟ್ಟಿ. ಎಲ್ಲ ನಿಲ್ಲಿಸಲೇಬೇಕು ಅಂದರೆ ಎಫ್5 ಒತ್ತು, ಪುಟ ಹೋದರೆ ಟೈಮರ್‌ಗಳೂ ಅದರ ಜೊತೆಗೇ ಹೋಗುತ್ತವೆ.

ಅಂಕಪಟ್ಟಿ · 10:24

ಚುರುಮುರಿ ಹೇಳಿದ್ದನ್ನ ಮಧ್ಯಾಹ್ನ ಇಲ್ಲಿಗೆ ಬರೋ ಮುಂಚೆ ಎಲ್ಲೋ ಓದಿ ಮಾಡಿದ್ದೆ. ಹೇಳಿಕೊಳ್ಳೋಕೆ ನಾಚಿಕೆ ಆಗಿತ್ತು. ಮೇಲ್ಗಡೆ ಲಾಗಿನ್ ಸಮಯ ಇಳಿಯುತ್ತಾ ಬರೋ ಗಡಿಯಾರ 12:40ಕ್ಕೆ ಸ್ತಬ್ಧ ಆಯ್ತು. ಇನ್ನೂ 12 ನಿಮಿಷ ಇದೆಯಲ್ಲ ಅಂತ ನಿಧಾನಕ್ಕೆ ಒಂದು ತರಗತಿಯ ಅಂಕ ತುಂಬಿಸಿ ಸೇವ್ ಒತ್ತಿದರೆ ಲಾಗಿನ್ ಪುಟಕ್ಕೆ ಎಸೆದುಬಿಡ್ತು. ಯಾಕೆ ಅಂತ ಈಗ ಗೊತ್ತಾಯ್ತು.

ಚುರುಮುರಿ_01 · 10:26

ಸಾರಿ ಮೇಡಂ 🙏

ಬೈಂದೂರು_ಬಸ್ · 10:40

ಎಫ್5 ಬಗ್ಗೆ ಒಂದು ಮಾತು. "ಪುಟ ಹೋದರೆ ಟೈಮರ್ ಹೋಗ್ತದೆ" ಅನ್ನುವುದು ಪುಟ ನಿಜವಾಗಿ ಹೋದರೆ ಮಾತ್ರ. ಈಗಿನ ಹೆಚ್ಚಿನ ಸೈಟುಗಳಲ್ಲಿ ವಿಳಾಸಪಟ್ಟಿಯ ಲಿಂಕ್ ಬದಲಾದರೂ ಒಳಗೆ ಅದೇ ಪುಟ ಇರ್ತದೆ, ಚಿತ್ರ ಮಾತ್ರ ಬೇರೆ. ಟೈಮರ್ ಆರಾಮಾಗಿ ಓಡ್ತಾ ಇರ್ತದೆ. ನೀವು ಅಂಕದ ಪುಟದಿಂದ ಹಾಜರಿ ಪುಟಕ್ಕೆ ಹೋದ್ರೂ ಅದು ಅಲ್ಲಿ "ಮುಂದೆ" ಹುಡುಕ್ತದೆ.

ಮತ್ತೆ ಕನ್ಸೋಲ್‌ಗೆ ಎರಡೆರಡು ಸಲ ಅಂಟಿಸುವ ಅಭ್ಯಾಸ ಉಂಟಾ? ಮೊದಲೆಲ್ಲ ಅದೇ ಲೆಟ್ ಎರಡನೇ ಸಲ ಅಂಟಿಸಿದ್ರೆ ಎರರ್ ಬರ್ತಿತ್ತು. 2020ರ ಕ್ರೋಮ್ 80ರಿಂದ ಕನ್ಸೋಲ್‌ನಲ್ಲಿ ಅದು ನಡೀತದೆ. ಅನುಕೂಲವೇ, ಆದ್ರೆ ಹಳೆ ನಂಬರಿನ ಮೇಲೆ ಹೊಸ ನಂಬರ್ ಕೂತು, ಮೊದಲ ಟೈಮರ್ ಅನಾಥ. ಎರಡೂ ಸೇರಿ ಒತ್ತುವಾಗ ಪುಟ ಎರಡೆರಡು ಹಾರ್ತದೆ. ನಾನು ಟೈಮರನ್ನು ವಿಂಡೋ ಮೇಲೆಯೇ ಇಡುದು. ಶುರು ಫಂಕ್ಷನ್ನಿನ ಮೊದಲ ಸಾಲು ಕ್ಲಿಯರ್‌ಇಂಟರ್ವಲ್(ವಿಂಡೋ.ನನ್ನಟೈಮರ್). ಇಲ್ಲದ್ದನ್ನು ಕ್ಲಿಯರ್ ಮಾಡಿದ್ರೆ ಬೈಯುದಿಲ್ಲ ಅಂತ ಹಳೇಮೈಸೂರು ಹೇಳಿದ್ರಲ್ಲ, ಆ ಮೌನ ಇಲ್ಲಿ ಉಪಯೋಗಕ್ಕೆ ಬರ್ತದೆ.

ರಾತ್ರಿಪಾಳಿ · 11:30

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಈ ಕೆಲಸಕ್ಕೆ ಸೆಟ್‌ಇಂಟರ್ವಲ್ಲೇ ಬೇಡ. ಕಾಲೇಜಿನ ನೆಟ್ ನಿಧಾನವಾದ ದಿನ ಪುಟ ಬರೋಕೆ 3 ಸೆಕೆಂಡ್ ಹಿಡಿಯಿತು ಅಂತಿಟ್ಟುಕೊಳ್ಳಿ. ಇಂಟರ್ವಲ್‌ಗೆ ಅದರ ಗೊಡವೆ ಇಲ್ಲ, 2 ಸೆಕೆಂಡಿಗೆ ಹಳೆ ಪುಟವನ್ನೇ ಮತ್ತೊಮ್ಮೆ ಓದಿ ಮತ್ತೊಮ್ಮೆ ಒತ್ತುತ್ತೆ. 4ನೇ ಪುಟ ಎರಡು ಸಲ, 5ನೇ ಪುಟ ನಾಪತ್ತೆ. ಅಂಕಪಟ್ಟಿಯಲ್ಲಿ ಇದು ಖಾಲಿ ಸಾಲಿಗಿಂತ ಕೆಟ್ಟದ್ದು, ಏಕೆಂದರೆ ಕಣ್ಣಿಗೆ ಬೀಳಲ್ಲ.

"ಹಾಗಾದ್ರೆ ಒಳಗಿನ ಫಂಕ್ಷನ್ನನ್ನ ಅಸಿಂಕ್ ಮಾಡಿ ಅವೈಟ್ ಹಾಕ್ತೀನಿ" ಅಂತ ಹೊರಡಬೇಡಿ. ಅವೈಟ್ ಅಂದರೆ ಪ್ರಾಮಿಸ್ (ಮುಂದೆ ಮುಗಿಯೋ ಕೆಲಸದ ಚೀಟಿ) ಮುಗಿಯೋವರೆಗೆ ಆ ಫಂಕ್ಷನ್ ಕಾಯೋದು, ಆದರೆ ಸೆಟ್‌ಇಂಟರ್ವಲ್ ಪ್ರಾಮಿಸ್‌ಗೆ ಕಾಯಲ್ಲ. ಮೊದಲನೇ ಸುತ್ತು ಅವೈಟ್‌ನಲ್ಲಿ ನಿಂತಿರುವಾಗಲೇ ಎರಡನೆಯದು ಶುರು. ಇನ್ನೂ ತಮಾಷೆ ಅಂದರೆ, ಆ ಹೊತ್ತಲ್ಲಿ ನೀವು ಸರಿಯಾದ ನಂಬರ್ ಕೊಟ್ಟು ಕ್ಲಿಯರ್ ಮಾಡಿದರೂ, ಅವೈಟ್‌ನಲ್ಲಿ ನಿಂತಿದ್ದ ಸುತ್ತು ಎಚ್ಚರಗೊಂಡು ತನ್ನ ಉಳಿದ ಸಾಲು ಓಡಿಸುತ್ತೆ, ಗುಂಡಿ ಒತ್ತುತ್ತೆ. ಬಸ್ಸಿನವರು ಹೇಳಿದ ನಡುದಾರಿಯ ಬಸ್ಸೇ, ಆದರೆ ಇದು ಯಾವ ಸ್ಟಾಪಲ್ಲಿ ಎಷ್ಟು ಹೊತ್ತು ನಿಲ್ಲುತ್ತೋ ಗೊತ್ತಾಗಲ್ಲ.

ಅದರ ಬದಲು ಸಾದಾ ಲೂಪ್:

ಲೆಟ್ ನಿಲ್ಲು = ಫಾಲ್ಸ್;
ಅಸಿಂಕ್ ಫಂಕ್ಷನ್ ಓಡು() {
  ವೈಲ್ (!ನಿಲ್ಲು) {
    ಪುಟಓದು();
    ಕಾನ್ಸ್ಟ್ ಗು = ಗುಂಡಿ();
    ಇಫ್ (!ಗು || ಗು.ಟೆಕ್ಸ್ಟ್‌ಕಂಟೆಂಟ್.ಟ್ರಿಮ್() !== "ಮುಂದೆ") ಬ್ರೇಕ್;
    ಕಾನ್ಸ್ಟ್ ಹಿಂದಿನದು = ಈಗಿನಪುಟ();
    ಗು.ಕ್ಲಿಕ್();
    ಅವೈಟ್ ಪುಟಬದಲಾಗಲಿ(ಹಿಂದಿನದು, 20000);
  }
}

ಪುಟಬದಲಾಗಲಿ ಅನ್ನೋದು 200 ಮಿಲಿಸೆಕೆಂಡಿಗೊಮ್ಮೆ ಪುಟಸಂಖ್ಯೆ ಬದಲಾಯ್ತಾ ಅಂತ ನೋಡುತ್ತೆ. 20 ಸೆಕೆಂಡ್ ದಾಟಿದರೆ ಎರರ್ ಎಸೆದು ಲೂಪನ್ನೇ ಕೆಡವುತ್ತೆ. ಇಲ್ಲಿ ನಿಲ್ಲಿಸೋಕೆ ಟೋಕನ್ನೇ ಬೇಡ. ಮಧ್ಯದಲ್ಲಿ ಬೇಡ ಅನ್ನಿಸಿದರೆ ಕನ್ಸೋಲ್‌ನಲ್ಲಿ ನಿಲ್ಲು = ಟ್ರೂ ಅಂತ ಬರೆದು ಎಂಟರ್ ಒತ್ತಿ.

ಹಳೇಮೈಸೂರು · 11:44

ಇದಕ್ಕೆ ಅಡ್ಡಿ ಇಲ್ಲ. 200 ಮಿಲಿಸೆಕೆಂಡಿಗೊಮ್ಮೆ ಇಣುಕಿ ನೋಡೋದು ಇಷ್ಟವಾಗದಿದ್ದರೆ ಮ್ಯುಟೇಶನ್‌ಅಬ್ಸರ್ವರ್ ಇದೆ, ಪುಟ ಬದಲಾದಾಗ ಅದೇ ಕರೆಯುತ್ತೆ. ಆದರೆ ಅದನ್ನೂ ಡಿಸ್‌ಕನೆಕ್ಟ್ ಮಾಡೋದು ಮರೆತರೆ ಮತ್ತೆ ಇದೇ ಹಾಡು. 11 ಪುಟಕ್ಕೆ ರಾತ್ರಿಪಾಳಿಯ ಲೂಪ್ ಧಾರಾಳ ಸಾಕು.

ಚುರುಮುರಿ_01 · 11:52

ಒಂದು ಡೌಟ್. ನಾನು ಪಪೆಟಿಯರ್ (ಕೋಡಿನಿಂದ ಬ್ರೌಸರ್ ಓಡಿಸೋ ಸಾಧನ) ಕಲೀತಿದೀನಿ. ಪೇಜ್.ಇವ್ಯಾಲ್ಯುಯೇಟ್ ಒಳಗೆ ಸೆಟ್‌ಇಂಟರ್ವಲ್ ಕರೆದು ನಂಬರನ್ನ ಹೊರಗೆ ರಿಟರ್ನ್ ಮಾಡಿ, ಹೊರಗೆ ಕ್ಲಿಯರ್‌ಇಂಟರ್ವಲ್ ಕೊಟ್ರೆ ನಿಲ್ಲಲ್ಲ. ಇದಕ್ಕೂ ಎರರ್ ಇಲ್ಲ.

ರಾತ್ರಿಪಾಳಿ · ಗುರುವಾರ, 12:10

ಅದು ಎರಡು ಬೇರೆ ಊರು. ಇವ್ಯಾಲ್ಯುಯೇಟ್ ಒಳಗಿನದು ಬ್ರೌಸರ್‌ನಲ್ಲಿ ಓಡುತ್ತೆ, ಹೊರಗಿನದು ನೋಡ್‌ನಲ್ಲಿ (ಬ್ರೌಸರ್ ಇಲ್ಲದೆ ಜಾವಾಸ್ಕ್ರಿಪ್ಟ್ ಓಡಿಸೋ ವ್ಯವಸ್ಥೆ). ಬ್ರೌಸರ್ ಕೊಟ್ಟ 7 ಅನ್ನೋ ಟೋಕನ್ ತಗೊಂಡು ನೋಡ್ ಹತ್ತಿರ ಹೋದರೆ ಅದಕ್ಕೆ ಗುರುತು ಸಿಗಲ್ಲ. ನೋಡ್‌ನ ಸೆಟ್‌ಇಂಟರ್ವಲ್ ಕೊಡೋದು ನಂಬರನ್ನೇ ಅಲ್ಲ, ಒಂದು ಟೈಮ್‌ಔಟ್ ಆಬ್ಜೆಕ್ಟ್. ಎಲ್ಲಿ ಶುರು ಮಾಡಿದೆಯೋ ಅಲ್ಲೇ ನಿಲ್ಲಿಸಬೇಕು. ಇನ್ನೊಂದು ಇವ್ಯಾಲ್ಯುಯೇಟ್ ಕರೆದು, ಆ ನಂಬರನ್ನ ಒಳಗೆ ಕಳಿಸಿ ಕ್ಲಿಯರ್ ಮಾಡು.

ನೋಡ್ ಕಡೆ ಟೈಮರ್ ಬಿಟ್ಟರೆ ಇನ್ನೊಂದು ಪೀಡೆ. ಹಿಂದೊಂದು ಕಂಪನಿಯಲ್ಲಿದ್ದಾಗ ರಾತ್ರಿ ಓಡೋ ಟೆಸ್ಟ್‌ಗಳಿಗೆ 10 ಸೆಕೆಂಡಿಗೊಮ್ಮೆ "ಇನ್ನೂ ಓಡ್ತಿದೆ" ಅಂತ ಲಾಗ್ ಮಾಡೋ ಇಂಟರ್ವಲ್ ಹಾಕಿದ್ದೆ. ಕ್ಲಿಯರ್ ಮಾಡೋ ಸಾಲು ಟೆಸ್ಟ್‌ನ ಕಟ್ಟಕಡೆಗಿತ್ತು. ಒಂದು ರಾತ್ರಿ ಟೆಸ್ಟ್ ಮಧ್ಯದಲ್ಲೇ ಬಿತ್ತು. ಎರರ್ ಹಿಡಿದು ವರದಿಯೂ ಬರೆದಾಯ್ತು, ಆದರೆ ಕೊನೆ ಸಾಲಿಗೆ ಯಾರೂ ತಲುಪಲಿಲ್ಲ. ಬದುಕಿರೋ ಇಂಟರ್ವಲ್ ಒಂದಿದ್ದರೂ ನೋಡ್ ಪ್ರಕ್ರಿಯೆ ಮುಗಿಯಲ್ಲ. ಬೆಳಿಗ್ಗೆ ಏಳಕ್ಕೆ ನೋಡಿದರೆ ಲಾಗ್ ತುಂಬಾ "ಇನ್ನೂ ಓಡ್ತಿದೆ", "ಇನ್ನೂ ಓಡ್ತಿದೆ". ಅದರ ಹಿಂದೆ ಸರದಿಯಲ್ಲಿದ್ದ ಕೆಲಸಗಳೆಲ್ಲ ಹಾಗೇ ಕೂತಿದ್ದವು. ಆಮೇಲಿಂದ ಇಂಟರ್ವಲ್ ಬರೆಯೋ ಮೊದಲು ಟ್ರೈ ಬರೆದು, ಫೈನಲಿ (ಎರರ್ ಬಂದರೂ ಓಡೋ ಭಾಗ) ಒಳಗೆ ಕ್ಲಿಯರ್ ಬರೆದು, ಆಮೇಲೆ ಮಿಕ್ಕಿದ್ದು. ಬರೀ ಲಾಗ್‌ಗಾಗಿ ಇರೋ ಟೈಮರ್ ಆದರೆ ಅನ್‌ರೆಫ್ ಕರೆದುಬಿಡು, ಆಗ ಅದೊಂದಕ್ಕೋಸ್ಕರ ಪ್ರಕ್ರಿಯೆ ಕಾಯ್ತಾ ಕೂರಲ್ಲ.

ಅಂಕಪಟ್ಟಿ · ಗುರುವಾರ, ಸಂಜೆ 5:05

ರಾತ್ರಿಪಾಳಿ ಅವರ ಲೂಪ್ ಹಾಕಿದೆ. ಮೂರು ಸಲ ಓಡಿಸಿದೆ, ಒಂದು ಸಾಲೂ ಹೆಚ್ಚಾಗಿಲ್ಲ.

ಈಗ 192 ಖಾಲಿ ಸಾಲು ಅಳಿಸೋ ಕಥೆ ಕೇಳಿ. ಪ್ರತಿ ಸಾಲಿಗೂ ಅಳಿಸು ಗುಂಡಿ, ಒತ್ತಿದರೆ "ಖಚಿತವೇ?" ಅಂತ ಕೇಳುತ್ತೆ. 17ನೇ ಪುಟದಲ್ಲಿ 22 ಸಾಲಿತ್ತು. ಇಂಟರ್ವಲ್ ಸಹವಾಸವೇ ಬೇಡ ಅಂತ ಫಾರ್ ಲೂಪ್ ಬರೆದೆ. ಒಂದೆರಡು ಸಲ ಕೇಳಿದ ಮೇಲೆ ಕ್ರೋಮ್ ಆ ಡಬ್ಬಿಯಲ್ಲೇ "ಈ ಪುಟದಿಂದ ಇನ್ನು ಇಂಥ ಡೈಲಾಗ್ ಬೇಡ" ಅನ್ನೋ ಅರ್ಥದ ಟಿಕ್ ತೋರಿಸ್ತು. ನಾಲ್ಕನೇ ಸಾಲಿಗೆ ಟಿಕ್ ಹಾಕಿ ಸರಿ ಅಂದೆ. ಲೂಪ್ ಸರಸರ ಓಡಿ ಮುಗೀತು. ನೋಡಿದರೆ 18 ಸಾಲು ಹಾಗೇ ಇವೆ!

ಗಿರ್ಮಿಟ್ · 5:12

ಟಿಕ್ ಹಾಕಿದ ಮ್ಯಾಲೆ ಕನ್ಫರ್ಮ್ ಡಬ್ಬಿ ತೋರಿಸೂದಿಲ್ರಿ, ಸೀದಾ ಫಾಲ್ಸ್ ಅಂತ ಉತ್ತರಾ ಕೊಡತೈತಿ. ಅಂದ್ರ ನೀವು 18 ಸಲ "ಬ್ಯಾಡ" ಅಂದಂಗ ಆತು. ರೀಫ್ರೆಶ್ ಮಾಡ್ರಿ, ಟಿಕ್ ಬ್ಯಾಡ. ಮತ್ತ ಅಳಸೂ ಮೊದಲ ಆ ಸಾಲಿನಾಗ ನೋಂದಣಿ ಸಂಖ್ಯೆ ಖಾಲಿ ಐತೇನು ಅಂತ ಕೋಡಿನಾಗ ನೋಡ್ರಿ. 11ನೇ ಪುಟದಾಗ ಖರೇ ಹುಡುಗರೂ ಹತ್ತು ಮಂದಿ ಅದಾರ.

ಅಂಕಪಟ್ಟಿ · 6:48

ಆಯ್ತು. ನೋಂದಣಿ ಸಂಖ್ಯೆ ಇದ್ದರೆ ಮುಟ್ಟದ ಹಾಗೆ ಬರೆದೆ, ಮಿಕ್ಕ 188 ಸಲ ಎಂಟರ್ ನಾನೇ ಒತ್ತಿದೆ. ಸ್ಟಾಫ್ ರೂಮಲ್ಲಿ ಎದುರಿಗೆ ಕೂತಿದ್ದ ಗಣಿತದ ಮೇಷ್ಟ್ರು "ಏನು ಮೇಡಂ, ಟೆಲಿಗ್ರಾಫ್ ಕಳಿಸ್ತಿದೀರಾ" ಅಂದ್ರು. ಈಗ 11 ಪುಟ, 310 ಸಾಲು. "ಮುಗಿಯಿತು" ಪಕ್ಕದಲ್ಲಿ ಬಿಲ್ಲೆ ಇಲ್ಲ.